ಓಡಿ ನಿಲ್ಲುವ ಹಳೇ ಗಡಿಯಾರ: ಎಣ್ಣೆ ಹಾಕುವ ಮುಂಚೆ ಇಷ್ಟು ನೋಡಿ

ನೀವು ನೋಡಿಟ್ಟಿರುವ ಆಳೆತ್ತರದ ಹಳೇ ಗಡಿಯಾರ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಮಾರುವವರು ಎಣ್ಣೆ ಬಿಟ್ಟರೆ ಸಾಕು ಅನ್ನುತ್ತಾರೆ, ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ ಅಲ್ವಾ?

ಎಣ್ಣೆಯ ಮಾತು ಬಿಡಿ. ಮೊದಲು ಕಿವಿಗೊಟ್ಟು ಕೇಳಿ. ಟಿಕ್‌ಗೂ ಟಾಕ್‌ಗೂ ನಡುವೆ ಅಂತರ ಒಂದೇ ಸಮ ಇರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆ ಓರೆಯಾಗಿ ನಿಂತಿರಬಹುದು. ಒಂದು ಬದಿಗೆ ತೆಳು ಮರದ ಚೂರು ಕೊಟ್ಟು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಓಡುತ್ತದೆ. ಪೆಂಡುಲಮ್ ನೇತಾಡುವ ಸಣ್ಣ ಉಕ್ಕಿನ ಪಟ್ಟಿ ಸೊಟ್ಟಗಾಗಿದ್ದರೂ ಹೀಗೇ ನಿಲ್ಲುತ್ತದೆ. ಅದನ್ನು ಬದಲಾಯಿಸುವುದು ಸುಲಭ.

ಖರ್ಚು ಇರುವುದು ಸವೆತದಲ್ಲಿ. ಚಕ್ರದ ಅಚ್ಚಿನ ತುದಿಗಳು ಹಿತ್ತಾಳೆ ತಗಡಿನ ತೂತುಗಳಲ್ಲಿ ತಿರುಗುತ್ತವೆ. ಹಳೇ ಎಣ್ಣೆಗೆ ಧೂಳು ಸೇರಿ ಮರಳು ಕಾಗದದ ಹಾಗೆ ಉಜ್ಜುತ್ತದೆ, ದುಂಡು ತೂತು ಒಂದು ಕಡೆಗೆ ಉದ್ದವಾಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ತೂತಿನ ಸುತ್ತ ಕಪ್ಪು ಅಂಟು ಕಾಣುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಟ್ಟರೆ ಸವೆತ ನಿಲ್ಲುವುದಿಲ್ಲ. ಪೂರ್ತಿ ಬಿಚ್ಚಿ, ತೊಳೆದು, ಸವೆದ ತೂತಿಗೆ ಬುಷ್ (ಸಣ್ಣ ಲೋಹದ ಬಳೆ) ಹಾಕಿಸಬೇಕು. ಅದು ಗಡಿಯಾರ ರಿಪೇರಿಯವರ ಕೆಲಸ, ಆ ಖರ್ಚು ಕಳೆದು ಬೆಲೆ ಕೇಳಿ.

ಯಂತ್ರ ಕೂತಿರುವ ಹಲಗೆಯಲ್ಲಿ ಬಳಸದ ತೂತುಗಳಿದ್ದರೆ ಯಂತ್ರ ಬೇರೆ ಪೆಟ್ಟಿಗೆಯದಿರಬಹುದು. ಆಗ ಬೆಲೆ ಇನ್ನೂ ಇಳಿಸಿ ಕೇಳಿ.

ಮರದ ಹಳೇ ಪಾಲಿಶ್ ದಯವಿಟ್ಟು ಉಜ್ಜಿ ತೆಗೆಯಬೇಡಿ. ಮೆತ್ತನೆ ಬಟ್ಟೆ, ಸ್ವಲ್ಪ ಮೇಣ ಸಾಕು. ಸಾಗಿಸುವ ಮುಂಚೆ ಪೆಂಡುಲಮ್, ತೂಕಗಳನ್ನು ಕಳಚಿ. ಯಾವ ತೂಕ ಯಾವ ಕಡೆಯದು ಅಂತ ಗುರುತು ಹಾಕಿಕೊಳ್ಳಿ, ಒಂದೇ ಥರ ಕಂಡರೂ ಭಾರ ಬೇರೆ ಇರಬಹುದು.