ಶಿರಸಿಯ ಗಾಳಿಯ ಲೆಕ್ಕ ಮಾಲ್ಡೀವ್ಸ್‌ಗೆ ಕಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಗಾಳಿಯ ಧೂಳು ಅಳೆಯುವ ಸಣ್ಣ ಸೆನ್ಸರ್ ಕೂರಿಸಿದ್ದಾರೆ. ಮಾಲ್ಡೀವ್ಸ್‌ನ ಶಾಲೆಯೊಂದರ ಜೊತೆ ಅಂಕಿ ಹಂಚಿಕೊಳ್ಳುವ ಆಸೆ. ಆದರೆ ನಮ್ಮ ಆ್ಯಪ್ 100 ತೋರಿಸುವ ಗಾಳಿಗೆ ಅವರ ಆ್ಯಪ್ 154 ಎನ್ನುತ್ತದೆ. ಯಾವುದನ್ನು ಕಳಿಸಬೇಕು?
— ಉಪನ್ಯಾಸಕರು, ಶಿರಸಿ

ಉತ್ತರ: ಎರಡೂ ಬೇಡ. 100 ಮತ್ತು 154 ಎರಡೂ ಸೂಚ್ಯಂಕಗಳು. ಆಯಾ ದೇಶ ತನ್ನ ಜನರಿಗೆ ಸುಲಭವಾಗಿ ಹೇಳಲೆಂದು ಮಾಡಿಕೊಂಡವು. ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣ) ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ 100, ‘ತೃಪ್ತಿಕರ’. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 154, ‘ಅನಾರೋಗ್ಯಕರ’. ಅವರ ಆ್ಯಪ್ ಅಮೆರಿಕದ ಮಾಪಕ ಹಿಡಿದಿದೆ, ಅಷ್ಟೇ. ನೀವು ಕಳಿಸಬೇಕಾದದ್ದು ಆ 60 ಮೈಕ್ರೋಗ್ರಾಂ ಎಂಬ ಮೂಲ ಅಳತೆ.

ಜೋಡಿಯನ್ನಂತೂ ಚೆನ್ನಾಗಿಯೇ ಆರಿಸಿದ್ದೀರಿ. ಚಳಿಗಾಲದ ಈಶಾನ್ಯ ಗಾಳಿ ನಮ್ಮ ನೆಲದ ಹೊಗೆಯನ್ನು ಕಡಲ ಮೇಲೆ ಒಯ್ಯುತ್ತದೆ. ದಕ್ಷಿಣ ಏಷ್ಯಾದ ಮಬ್ಬು ಹಿಂದೂ ಮಹಾಸಾಗರದ ಮೇಲೆ ಎಷ್ಟು ದೂರ ಹಬ್ಬುತ್ತದೆಂದು 1999ರ ಇಂಡೋಎಕ್ಸ್ ಅಧ್ಯಯನ ತೋರಿಸಿಕೊಟ್ಟಿತು. ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪದ ವೀಕ್ಷಣಾಲಯ ಈ ಮಬ್ಬನ್ನೇ ಅಳೆಯುತ್ತ ಬಂದಿದೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ನಮ್ಮ ಗಡಿಯಾರ ವಿಶ್ವ ಸಮಯಕ್ಕಿಂತ (ಯುಟಿಸಿ) 5 ಗಂಟೆ 30 ನಿಮಿಷ ಮುಂದೆ, ಅವರದು 5 ಗಂಟೆ. ಅರ್ಧ ಗಂಟೆ ತಾನೇ ಎನ್ನಬೇಡಿ. ನಮ್ಮ 10ರಿಂದ 11ರ ಸರಾಸರಿ ಅವರ ಲೆಕ್ಕದಲ್ಲಿ 9.30ರಿಂದ 10.30ರದ್ದು, ಅವರ ಯಾವ ಗಂಟೆಗೂ ಅದು ಕೂಡುವುದಿಲ್ಲ. ಗಂಟೆಯ ಸರಾಸರಿ ಮಾಡಿಬಿಟ್ಟ ಮೇಲೆ ಅದನ್ನು ಒಡೆಯಲೂ ಆಗದು. ಆದ್ದರಿಂದ 15 ನಿಮಿಷದ ಸರಾಸರಿ ಕಳಿಸಿ. ನಾಳೆ ನೇಪಾಳದವರು ಸೇರಿಕೊಂಡರೂ (ಅವರದು 5 ಗಂಟೆ 45 ನಿಮಿಷ) ಅದೇ ಫೈಲ್ ಸಾಕು. ಸಮಯವನ್ನು ವಿಶ್ವ ಸಮಯದಲ್ಲೇ ಬರೆಯಿರಿ, ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ. 10.15 ಎಂದರೆ ಆ ಕಾಲು ಗಂಟೆಯ ಆರಂಭವೋ ಕೊನೆಯೋ ಎಂಬುದನ್ನೂ ತಿಳಿಸಿ.

ಕರೆಂಟ್ ಹೋದಾಗಿನ ಜಾಗವನ್ನು ಖಾಲಿ ಬಿಡಿ. ಅಲ್ಲಿ ಸೊನ್ನೆ ಹಾಕಿದರೆ ಶಿರಸಿಯ ಗಾಳಿ ಹಿಮಾಲಯಕ್ಕಿಂತ ಶುದ್ಧವಾಗಿ ಕಾಣುತ್ತದೆ. ದಿನದ ಸರಾಸರಿ ಬೇಕೆಂದರೆ 24ರಲ್ಲಿ ಕನಿಷ್ಠ 18 ಗಂಟೆಗಳ ಅಳತೆಯಾದರೂ ಇರಲಿ.

ಇನ್ನು ತೇವ. ಸಣ್ಣ ಸೆನ್ಸರ್ ಕಣವನ್ನು ತೂಗುವುದಿಲ್ಲ; ಕಣಗಳ ಮೇಲೆ ಬೆಳಕು ಹಾಯಿಸಿ, ಚದುರಿದ ಬೆಳಕನ್ನು ಅಳೆಯುತ್ತದೆ. ನೀರು ಹೀರಿ ಉಬ್ಬಿದ ಕಣ ಅದಕ್ಕೆ ದಪ್ಪ ಕಾಣುತ್ತದೆ, ಮಂಜಿನ ಹನಿಯೂ ಧೂಳೆನಿಸುತ್ತದೆ. ಗಾಳಿಯ ತೇವ ಸುಮಾರು 75% ದಾಟಿದರೆ ಉಪ್ಪಿನ ಕಣ ಕರಗಿ ಹನಿಯಾಗುತ್ತದೆ. ಕಾರವಾರ, ಕುಮಟೆಗಳಲ್ಲಿ ಸೆನ್ಸರ್ ಇಡುವವರಿಗೆ ಇದು ಇನ್ನೂ ದೊಡ್ಡ ತಲೆನೋವು. ಸರ್ಕಾರಿ ಕೇಂದ್ರಗಳ ಬೀಟಾ ಯಂತ್ರ (ಬೀಟಾ ಕಿರಣ ಹಾಯಿಸಿ ಧೂಳಿನ ತೂಕ ಕಂಡುಹಿಡಿಯುವಂಥದು) ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ ಒಣಗಿಸಿ ಅಳೆಯುವುದರಿಂದ ಈ ತಪ್ಪು ಅಲ್ಲಿ ಕಡಿಮೆ. ನೀವು ತೇವ ಮತ್ತು ಉಷ್ಣತೆಯನ್ನೂ ಪಕ್ಕದ ಕಾಲಂಗಳಲ್ಲಿ ಕೊಡಿ. ತೇವ 85% ಮೀರಿದಾಗಿನ ಅಳತೆಗೆ ಗುರುತು ಹಾಕಿ, ಅಳಿಸಬೇಡಿ. ಬೇರೆ ದೇಶದಲ್ಲಿ ಕಟ್ಟಿದ ತಿದ್ದುಪಡಿ ಸೂತ್ರವನ್ನು ಹಾಗೇ ಹಚ್ಚಬೇಡಿ. ಬೀಟಾ ಯಂತ್ರವಿರುವ ಕೇಂದ್ರದ ಪಕ್ಕದಲ್ಲಿ ಎರಡು ವಾರವಾದರೂ ಸೆನ್ಸರ್ ಇಟ್ಟು ಹೋಲಿಸಿ. ತಿದ್ದಿದ ಅಂಕಿ ಬೇರೆ ಕಾಲಂನಲ್ಲಿರಲಿ, ಮೂಲ ಅಂಕಿ ಮುಟ್ಟದೆ ಉಳಿಯಲಿ.

ಶಿರಸಿಗೇ ಸೇರಿದ ಮಾತೊಂದಿದೆ. ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯೋ ದರಕಿನ (ಒಣ ಎಲೆಗಳ) ಬೆಂಕಿಯೋ ಹತ್ತಿರವಿದ್ದರೆ ನಿಮ್ಮ ಅಂಕಿ ಒಂದು ಅಂಗಳದ ಕಥೆ ಹೇಳುತ್ತದೆ, ಊರಿನದಲ್ಲ. ಒಲೆಗಳಿಂದ ದೂರ, ನೆಲದಿಂದ ಎರಡು-ಮೂರು ಮೀಟರ್ ಎತ್ತರದಲ್ಲಿ, ಸೂರಿನ ನೆರಳಲ್ಲಿ ಇಡಿ. ಎತ್ತರ, ಅಕ್ಷಾಂಶ-ರೇಖಾಂಶ, ಸೆನ್ಸರಿನ ಮಾದರಿ, ಒರೆಸಿದ ದಿನಾಂಕಗಳನ್ನು ಫೈಲಿನ ಜೊತೆಗೇ ಕಳಿಸಿ. ಇವಿಲ್ಲದ ಅಂಕಿಯನ್ನು ಆ ಕಡೆಯವರು ನಂಬಬೇಕಿಲ್ಲ.

ಪ್ರಶ್ನೆ: ಇದು ಸರ್ಕಾರಗಳ ಕೆಲಸವಲ್ಲವೇ? ನೆರೆದೇಶಗಳ ಗಾಳಿಯನ್ನು ಅಮೆರಿಕದ ರಾಯಭಾರ ಕಚೇರಿಗಳ ಅಂಕಿಯಲ್ಲಿ ನೋಡುತ್ತಿದ್ದೆ, ಅದೂ ನಿಂತಿದೆ.
— ಓದುಗರು, ಕಾರವಾರ

ಉತ್ತರ: ಹೌದು, 2025ರ ಮಾರ್ಚ್‌ನಲ್ಲಿ ಅದು ನಿಂತಿತು. ಢಾಕಾ, ಕಠ್ಮಂಡು, ಲಾಹೋರ್‌ಗಳಂಥ ಊರಿನವರು ನಂಬಿಕೊಂಡಿದ್ದ ಅಳತೆ ಮೂರನೆಯವರ ಒಂದು ತೀರ್ಮಾನದಿಂದ ಕೈತಪ್ಪಿತು. ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಸರ್ಕಾರಗಳ ನಡುವೆ 1998ರ ಮಾಲೆ ಘೋಷಣೆ ಇದೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಇರಾನ್ ಅದರಲ್ಲಿವೆ. ಆದರೆ ಅದು ಬರೀ ಘೋಷಣೆ. ಯುರೋಪಿನವರು 1979ರಲ್ಲೇ ಸಹಿ ಹಾಕಿದ್ದು ಕಾನೂನಿನ ಕಟ್ಟಿರುವ ಒಪ್ಪಂದಕ್ಕೆ. ಕೈಗಾದ ನೆರೆಯಲ್ಲಿರುವ ನಿಮಗೆ ಇದು ಗೊತ್ತಿರಲಿ: ಭಾರತ-ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನೇ ಪರಸ್ಪರ ಕೊಡುತ್ತಿವೆ. ಅದನ್ನು ಕೊಡಬಲ್ಲವರು ಧೂಳಿನ ಲೆಕ್ಕವನ್ನೂ ಕೊಡಬಲ್ಲರು, ಕೊಡಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಸದ್ಯಕ್ಕೆ ಓಪನ್‌ಎಕ್ಯೂ ಜಾಲತಾಣ ನೋಡಿ. ಹಲವು ದೇಶಗಳ ಮೂಲ ಅಳತೆಗಳನ್ನು ಒಂದೆಡೆ ಸೇರಿಸಿ ಉಚಿತವಾಗಿ ಕೊಡುತ್ತದೆ. ಇಳಿಸಿಕೊಂಡಾಗ ಏಕಮಾನದ ಕಾಲಂ ಮೊದಲು ಓದಿ. ಓಝೋನನ್ನು ಕೆಲವರು ಪಿಪಿಬಿಯಲ್ಲಿ (ಶತಕೋಟಿ ಭಾಗಗಳಲ್ಲಿ ಎಷ್ಟು ಭಾಗ ಎಂಬ ಲೆಕ್ಕ), ಕೆಲವರು ಮೈಕ್ರೋಗ್ರಾಂನಲ್ಲಿ ಬರೆಯುತ್ತಾರೆ. 25 ಡಿಗ್ರಿಯಲ್ಲಿ 1 ಪಿಪಿಬಿ ಓಝೋನ್ ಎಂದರೆ ಘನ ಮೀಟರಿಗೆ ಸುಮಾರು 1.96 ಮೈಕ್ರೋಗ್ರಾಂ. ನೋಡದೆ ಹೋಲಿಸಿದರೆ ಒಂದೇ ಗಾಳಿ ಗಡಿಯ ಆಚೆ ಇಮ್ಮಡಿ ಕೊಳಕಾಗಿ ಕಾಣುತ್ತದೆ.