ಒಂದೇ ಕಾಲುವೆ: ಗಂಗಾವತಿಗೆ ಸಿಗುವ ನೀರು ಮಾನ್ವಿಗೆ ಯಾಕಿಲ್ಲ?

ಗಂಗಾವತಿ ಕಾಲುವೆಯ ಮೇಲ್ಭಾಗದಲ್ಲಿದೆ, ಮಾನ್ವಿ ಕೊನೆಭಾಗದಲ್ಲಿ. ಮಾನ್ವಿಗೆ ನೀರು ಮುಟ್ಟದಿರಲು ಮೇಲ್ಭಾಗದ ರೈತರ ದುರಾಸೆ ಒಂದೇ ಕಾರಣವಲ್ಲ; ಬೇಸಾಯ ಸಂಸ್ಕೃತಿಯದ್ದೂ ನೀರು ಹಂಚುವ ವ್ಯವಸ್ಥೆಯದ್ದೂ ಪಾಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಅರೆನೀರಾವರಿ, ಅಂದರೆ ಕಡಿಮೆ ನೀರಿನ ಬೆಳೆಗೆ. 1953ರಲ್ಲಿ ನೀರು ಬಿಟ್ಟ ಮೇಲೆ ಆಂಧ್ರ ಕರಾವಳಿಯಿಂದ ಬಂದವರು ಕ್ಯಾಂಪ್ ಕಟ್ಟಿಕೊಂಡು, ತಮಗೆ ಕರಗತವಾಗಿದ್ದ ಭತ್ತದ ಬೇಸಾಯ ತಂದರು. ಸಂಸ್ಕೃತಿಯ ಪಾಲು ಇಷ್ಟು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳು ಎದ್ದದ್ದೂ ಅದರಿಂದಲೇ.

ಎಡವಿದ್ದು ವ್ಯವಸ್ಥೆ. ಭತ್ತ ಕುಡಿಯುವುದು ಜೋಳದ ಎರಡು ಪಟ್ಟಿಗೂ ಹೆಚ್ಚು. ಎಲ್ಲಿ ಯಾವ ಬೆಳೆ ಎಂಬ ನಿಯಮ ಕಾಗದದಲ್ಲಿದೆ, ತೂಬಿನಲ್ಲಿ ಅಳತೆಯಿಲ್ಲ. ನೀರಿನ ಕರ ಎಕರೆ, ಬೆಳೆಯ ಲೆಕ್ಕದ್ದು, ಬಳಸಿದ ನೀರಿನ ಲೆಕ್ಕದ್ದಲ್ಲ. ಹಾಗಾಗಿ ಉಳಿಸಿದವನಿಗೆ ಲಾಭವಿಲ್ಲ. ನೀರಿನ ಖಾತ್ರಿಯಿಲ್ಲದ ಕೊನೆಭಾಗದ ರೈತ ಸಾಲ ತಂದು ಗೊಬ್ಬರ ಹಾಕುವ ಧೈರ್ಯ ಮಾಡದೆ ಗುಳೆ ಹೋಗುತ್ತಾನೆ. ಮೊದಲು ಆಗಬೇಕಾದ್ದು ನೀರನ್ನು ಉಪಕಾಲುವೆಯ ಬಾಯಲ್ಲೇ ಅಳೆದು ರೈತರದೇ ಆದ ನೀರು ಬಳಕೆದಾರರ ಸಂಘಕ್ಕೆ ಒಪ್ಪಿಸುವುದು, ಸರದಿಯನ್ನು ಕೊನೆಯ ತೂಬಿನಿಂದ ಶುರುಮಾಡುವುದು.