ಐಕಾನ್ ಬಿಳಿ ಹಾಳೆ ಆಯ್ತು ಅಂತ ಫಾರ್ಮ್ಯಾಟ್ ಮಾಡಿಸಬೇಡಿ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಮನೆಯಲ್ಲಿ ವಿಂಡೋಸ್ 10 ಕಂಪ್ಯೂಟರ್ ಇದೆ. ಮೊನ್ನೆ ಮಳೆ ಬಂದು ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ವರ್ಡ್, ನುಡಿ, ಕ್ರೋಮ್ ಎಲ್ಲದರ ಐಕಾನೂ ಬಿಳಿ ಹಾಳೆ ಥರ ಕಾಣುತ್ತಿದೆ. ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಂ ತೆರೆಯುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಮಾಡಿಸಲಾ? – ಓದುಗರು, ಸಾಗರ

ಬೇಡ ಮೇಡಂ. ದಯವಿಟ್ಟು ಬೇಡ. ಪ್ರೋಗ್ರಾಂ ತೆರೆಯುತ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹಾಳಾಗಿರುವುದು ಚಿತ್ರ ಮಾತ್ರ. ಅಂಗಡಿಯ ಬೋರ್ಡ್ ಗಾಳಿಗೆ ಬಿದ್ದರೆ ಒಳಗಿನ ಸಾಮಾನು ಎಲ್ಲಿಗೂ ಹೋಗಿರಲ್ಲ.

ಏನಾಗಿದೆ ಅಂದರೆ, ಪ್ರತಿ ಪ್ರೋಗ್ರಾಮಿನ ಐಕಾನ್ ಆ ಪ್ರೋಗ್ರಾಮಿನ ಫೈಲಿನೊಳಗೇ ಇರುತ್ತದೆ, ಅದೂ ಒಂದೇ ಚಿತ್ರವಲ್ಲ, 16, 32, 48, 256 ಪಿಕ್ಸೆಲ್ ಹೀಗೆ ಬೇರೆ ಬೇರೆ ಅಳತೆಯಲ್ಲಿ. ಡೆಸ್ಕ್‌ಟಾಪ್ ತೋರಿಸುವಾಗಲೆಲ್ಲ ಪ್ರತಿಯೊಂದು ಫೈಲಿನೊಳಗೂ ಹೊಕ್ಕು ಚಿತ್ರ ಹುಡುಕುತ್ತಾ ಕೂತರೆ ಕಂಪ್ಯೂಟರ್ ನಿಧಾನವಾಗುತ್ತದೆ. ಅದಕ್ಕೇ ವಿಂಡೋಸ್ ಒಂದು ಸಲ ನೋಡಿದ ಚಿತ್ರದ ನಕಲನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳುತ್ತದೆ. ಇದೇ ಐಕಾನ್ ಕ್ಯಾಶ್. ಇದನ್ನು ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ನಕಲು ಅರ್ಧಂಬರ್ಧ ಆಗಬಹುದು. ಆಮೇಲೆ ವಿಂಡೋಸ್ ಆ ಕೆಟ್ಟ ನಕಲನ್ನೇ ನಂಬಿಕೊಂಡು ಬಿಳಿ ಹಾಳೆ ತೋರಿಸುತ್ತಾ ಇರುತ್ತದೆ.

ಮೊದಲು ಸುಲಭದ್ದು. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಚಿಕ್ಕ ಬಾಕ್ಸ್ ಬರುತ್ತದೆ. ಅದರಲ್ಲಿ ಟೈಪ್ ಮಾಡಬೇಕಾದ್ದನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಅಕ್ಷರ ಹೇಳುತ್ತೇನೆ: ಐ, ಇ, 4, ಯು, ಐ, ಎನ್, ಐ, ಟಿ, ಚುಕ್ಕೆ, ಇ, ಎಕ್ಸ್, ಇ. ಒಂದು ಸ್ಪೇಸ್ ಬಿಟ್ಟು ಮೈನಸ್ ಗುರುತು, ಅದಕ್ಕೆ ಅಂಟಿಸಿ ಶೋ. ಎಂಟರ್ ಒತ್ತಿ. ಪರದೆ ಮೇಲೆ ಏನೂ ಬರಲ್ಲ, ಗಾಬರಿ ಬೇಡ, ಅದು ಇರುವುದೇ ಹಾಗೆ. ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ. ಇಷ್ಟಕ್ಕೇ ಸರಿಹೋದರೆ ಮುಂದಿನದು ಓದುವ ಅಗತ್ಯವೇ ಇಲ್ಲ.

ಸರಿಹೋಗದಿದ್ದರೆ ಕೆಟ್ಟ ನಕಲನ್ನೇ ಅಳಿಸಬೇಕು. ಅಳಿಸಿದರೆ ನಷ್ಟವೇನಿಲ್ಲ, ವಿಂಡೋಸ್ ಹೊಸದು ಮಾಡಿಕೊಳ್ಳುತ್ತದೆ. ತೆರೆದಿರುವ ಕೆಲಸವನ್ನೆಲ್ಲ ಸೇವ್ ಮಾಡಿ ಮುಚ್ಚಿ. ಅದೇ ಚಿಕ್ಕ ಬಾಕ್ಸಿನಲ್ಲಿ ಪರ್ಸೆಂಟ್ ಗುರುತು, ಲೋಕಲ್‌ಆ್ಯಪ್‌ಡೇಟಾ (ನಡುವೆ ಸ್ಪೇಸ್ ಇಲ್ಲದೆ), ಮತ್ತೆ ಪರ್ಸೆಂಟ್ ಗುರುತು ಹಾಕಿ ಎಂಟರ್ ಒತ್ತಿ. ತೆರೆದ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಎಕ್ಸ್‌ಪ್ಲೋರರ್. ಅಲ್ಲಿ ಐಕಾನ್‌ಕ್ಯಾಶ್ ಅಂತ ಶುರುವಾಗುವ ಫೈಲುಗಳ ಸಾಲೇ ಕಾಣುತ್ತದೆ, ಒಂದರ ಕೊನೆಗೆ 16, ಇನ್ನೊಂದಕ್ಕೆ 32, ಮತ್ತೊಂದಕ್ಕೆ 48. ಸುಮ್ನೆ ಡಿಲೀಟ್ ಒತ್ತಿದರೆ ಹೋಗುವುದಿಲ್ಲ, ಯಾಕೆಂದರೆ ವಿಂಡೋಸ್ ಅವನ್ನು ಬಳಸುತ್ತಿರುತ್ತದೆ. ಈ ಫೋಲ್ಡರಿನ ಮೇಲಿರುವ ವಿಳಾಸದ ಪಟ್ಟಿಯಲ್ಲಿ ಸಿ, ಎಂ, ಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅದನ್ನು ಹಾಗೇ ಬಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಡೀಟೇಲ್ಸ್‌ಗೆ ಹೋಗಿ ಎಕ್ಸ್‌ಪ್ಲೋರರ್ ಅನ್ನುವುದನ್ನು ಎಂಡ್ ಟಾಸ್ಕ್ ಮಾಡಿ.

ಇಲ್ಲಿ ತುಂಬಾ ಜನ ಹೆದರುತ್ತಾರೆ. ಟಾಸ್ಕ್‌ಬಾರ್, ಐಕಾನುಗಳು ಎಲ್ಲ ಮಾಯವಾಗಿ ಬರೀ ಹಿನ್ನೆಲೆ ಚಿತ್ರ ಉಳಿಯುತ್ತದೆ. ಹಾಗೆ ಆಗಲೇಬೇಕು. ಈಗ ಕಪ್ಪು ಕಿಟಕಿಯಲ್ಲಿ ಡಿ, ಇ, ಎಲ್, ಸ್ಪೇಸ್, ಆಮೇಲೆ ಐಕಾನ್‌ಕ್ಯಾಶ್ ಅಂತ ಒಂದೇ ಪದವಾಗಿ ಬರೆದು (ಇದು ದುಡ್ಡಿನ ಕ್ಯಾಶ್ ಅಲ್ಲ, ಸಿ, ಎ, ಸಿ, ಎಚ್, ಇ), ಅದಕ್ಕೆ ಅಂಟಿಸಿ ಒಂದು ನಕ್ಷತ್ರದ ಗುರುತು ಹಾಕಿ. ಎಂಟರ್. ಹೆಸರನ್ನು ಎರಡು ಸಲ ನೋಡಿ ಆಮೇಲೆ ಎಂಟರ್ ಒತ್ತಿ, ಬರೀ ನಕ್ಷತ್ರ ಹಾಕಿಬಿಟ್ಟರೆ ಆ ಫೋಲ್ಡರಿನ ಎಲ್ಲ ಫೈಲನ್ನೂ ಅಳಿಸಲು ಹೊರಡುತ್ತದೆ. ಕೊನೆಗೆ ಟಾಸ್ಕ್ ಮ್ಯಾನೇಜರಿನಲ್ಲಿ ರನ್ ನ್ಯೂ ಟಾಸ್ಕ್ ಒತ್ತಿ, ಎಕ್ಸ್‌ಪ್ಲೋರರ್ ಅಂತ ಬರೆದು ಎಂಟರ್ ಒತ್ತಿದರೆ ಟಾಸ್ಕ್‌ಬಾರ್ ವಾಪಸ್ ಬರುತ್ತದೆ, ಐಕಾನುಗಳೂ ಒಂದೊಂದಾಗಿ ಬಣ್ಣ ತುಂಬಿಕೊಳ್ಳುತ್ತವೆ.

ಫಾರ್ಮ್ಯಾಟ್ ವಿಷಯಕ್ಕೆ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನುವುದಕ್ಕೆ ಕಾರಣ ಇದೆ. ನಿಮ್ಮ ಹಾಗೇ ಶಿಕ್ಷಕರಾಗಿರುವ ಒಬ್ಬರು ಇದೇ ಬಿಳಿ ಹಾಳೆ ತೊಂದರೆಗೆ ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿ, ಆಮೇಲೆ ನನ್ನ ಹತ್ತಿರ ಬಂದರು. ಆರು ವರ್ಷದ ಪ್ರಶ್ನೆಪತ್ರಿಕೆಗಳು ಡೆಸ್ಕ್‌ಟಾಪ್ ಮೇಲಿದ್ದವು. ‘ಡಿ ಡ್ರೈವ್ ಮುಟ್ಟಿಲ್ಲ ಸಾರ್’ ಅಂದರಂತೆ ಅಂಗಡಿಯವರು. ನಿಜ, ಮುಟ್ಟಿಲ್ಲ. ಆದರೆ ಡೆಸ್ಕ್‌ಟಾಪ್ ಅನ್ನುವುದು ಸಾಮಾನ್ಯವಾಗಿ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್, ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗಿದ್ದು ಆ ಸಿ ಡ್ರೈವೇ. ಅದು ಅವರಿಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ನನ್ನ ಕೈಯಲ್ಲಿ ವಾಪಸ್ ತರಲು ಆಗಿದ್ದು ಹದಿನೇಳು ಫೈಲು ಮಾತ್ರ.

ವಿಂಡೋಸ್ 10 ಹಳೆಯದಾಯ್ತು, ಅದಕ್ಕೇ ಹೀಗೆ ಅಂತ ಯಾರಾದರೂ ಹೇಳಬಹುದು. ಅದಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ, ಆ ಬಗ್ಗೆ ಯೋಚಿಸಲೂ ಬೇಕು. ಆದರೆ ನಿಮ್ಮ ಐಕಾನಿಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ 11ರಲ್ಲೂ ಇದೇ ಕ್ಯಾಶ್, ಇದೇ ತೊಂದರೆ.

ಪ್ರಶ್ನೆ: ಒಂದೇ ಒಂದು ಪ್ರೋಗ್ರಾಮಿನ ಐಕಾನ್ ಬಿಳಿಯಾಗಿದೆ, ತೆರೆಯುವುದೂ ಇಲ್ಲ. ಪ್ರೋಗ್ರಾಂ ಹೊರಟೇ ಹೋಯಿತಾ? – ಓದುಗರು, ಗದಗ

ಇದು ಮೇಲಿನದಕ್ಕಿಂತ ಬೇರೆ ಕಥೆ. ಡೆಸ್ಕ್‌ಟಾಪ್ ಮೇಲಿರುವುದು ಪ್ರೋಗ್ರಾಂ ಅಲ್ಲ, ಅದರ ವಿಳಾಸ ಬರೆದ ಚೀಟಿ, ಅಂದರೆ ಶಾರ್ಟ್‌ಕಟ್. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಅನ್ನುವ ಸಾಲು ಓದಿ. ಅಲ್ಲಿರುವ ಜಾಗದಲ್ಲಿ ಫೈಲ್ ಇದೆಯಾ ನೋಡಿ. ಪ್ರೋಗ್ರಾಮನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಹಾಕಿದ್ದು, ಆ ಡ್ರೈವಿನ ಅಕ್ಷರ ಇ ಇದ್ದದ್ದು ಎಫ್ ಆಗಿದ್ದರೆ ಚೀಟಿಯಲ್ಲಿರುವ ವಿಳಾಸ ತಪ್ಪಾಗುತ್ತದೆ, ಅಷ್ಟೆ. ಫೈಲೇ ಇಲ್ಲದಿದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ನೋಡಿ, ಆ್ಯಂಟಿವೈರಸ್ ಎತ್ತಿಟ್ಟಿರಬಹುದು. ಹಾಗೆ ಎತ್ತಿಟ್ಟಿದ್ದರೆ, ಪ್ರೋಗ್ರಾಂ ಎಲ್ಲಿಂದ ತಂದು ಹಾಕಿದ್ದು ಅಂತ ನೆನಪು ಮಾಡಿಕೊಳ್ಳದೆ ರೀಸ್ಟೋರ್ ಒತ್ತಬೇಡಿ.

ಇನ್ನು ಐಕಾನೇ ಕಾಣೆಯಾದರೂ ಪ್ರೋಗ್ರಾಂ ಇರುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ 2023ರ ಜನವರಿ 13ರದ್ದು. ಅವತ್ತು ಮೈಕ್ರೋಸಾಫ್ಟಿನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ಗೆ ಬಂದ ಒಂದು ಅಪ್‌ಡೇಟ್, ಒಂದು ಸುರಕ್ಷತಾ ನಿಯಮ ಚಾಲೂ ಇದ್ದ ಕಂಪನಿ ಕಂಪ್ಯೂಟರುಗಳಲ್ಲಿ ಒಳ್ಳೆಯ ಶಾರ್ಟ್‌ಕಟ್‌ಗಳನ್ನೇ ಅಪಾಯ ಅಂದುಕೊಂಡು ಅಳಿಸಿಹಾಕಿತು. ಸ್ಟಾರ್ಟ್ ಮೆನು, ಟಾಸ್ಕ್‌ಬಾರ್ ಎರಡರಿಂದಲೂ ಆ್ಯಪ್‌ಗಳ ಗುರುತೇ ಹೋಯಿತು. ವರ್ಡ್, ಎಕ್ಸೆಲ್ ಮಾತ್ರ ಡಿಸ್ಕಿನಲ್ಲಿ ಇದ್ದಲ್ಲೇ ಇದ್ದವು. ಹೊಸ ಶಾರ್ಟ್‌ಕಟ್ ಮಾಡಿದ ಮೇಲೆ ಕೆಲಸ ನಡೆಯಿತು.

ಪ್ರಶ್ನೆ: ಪಿಡಿಎಫ್ ಫೈಲುಗಳೆಲ್ಲ ಬ್ರೌಸರಿನ ಐಕಾನ್ ತೋರಿಸುತ್ತಿವೆ. ವೈರಸ್ಸಾ? – ಓದುಗರು, ದುಬೈ

ಅಲ್ಲ. ಪಿಡಿಎಫ್ ತೆರೆಯುವ ಕೆಲಸ ಬ್ರೌಸರಿಗೆ ಹೋಗಿದೆ, ಹಾಗಾಗಿ ಅದರ ಗುರುತು ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ ನಿಮಗೆ ಬೇಕಾದ್ದನ್ನು ಆರಿಸಿ.

ಪ್ರಶ್ನೆ: ಝೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು ನೋಡಿದರೆ ಎಲ್ಲ ಫೋಲ್ಡರ್ ಐಕಾನಿನ ಮೂಲೆಯಲ್ಲೂ ಸಣ್ಣ ಬಾಣದ ಗುರುತು ಬಂದಿದೆ. ತಂಗಿ ಮದುವೆ ಫೋಟೋ ಇವೆ. – ಓದುಗರು, ತುಮಕೂರು

ಡಬಲ್ ಕ್ಲಿಕ್ ಮಾಡಲೇಬೇಡಿ. ಇವತ್ತು ಬಂದ ಪತ್ರಗಳಲ್ಲಿ ನಿಜವಾಗಿ ಅವಸರ ಇರುವುದು ಇದಕ್ಕೇ.

ಆ ಬಾಣ ಶಾರ್ಟ್‌ಕಟ್‌ನ ಗುರುತು. ವೈರಸ್ ನಿಮ್ಮ ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರು, ಅದೇ ಹಳದಿ ಚಿತ್ರ ಇರುವ ಶಾರ್ಟ್‌ಕಟ್ ಇಟ್ಟಿದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದೆ ವೈರಸ್ಸೂ ಓಡುತ್ತದೆ, ಹಾಗಾಗಿ ಎಷ್ಟೋ ಜನಕ್ಕೆ ಅನುಮಾನವೇ ಬರಲ್ಲ. ಪೆನ್‌ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ತುಂಬಿರುವ ಜಾಗ ಮೊದಲಿನಷ್ಟೇ ಇದ್ದರೆ ಫೋಟೋಗಳು ಬಹುಶಃ ಒಳಗೇ ಇವೆ, ಧೈರ್ಯವಾಗಿರಿ.

ಪೆನ್‌ಡ್ರೈವಿಗೆ ಮತ್ತೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್ ಸ್ಕ್ಯಾನ್ ಕೊಡಿ. ಅದು ಮುಗಿದ ಮೇಲೆ ವಿಂಡೋಸ್ ಕೀ ಮತ್ತು ಆರ್ ಒತ್ತಿ ಸಿ, ಎಂ, ಡಿ, ಎಂಟರ್. ಪೆನ್‌ಡ್ರೈವಿನ ಅಕ್ಷರ ಇ ಆಗಿದ್ದರೆ ಇ ಬರೆದು ಎರಡು ಚುಕ್ಕೆಯ ಕೋಲನ್ ಹಾಕಿ ಎಂಟರ್ ಒತ್ತಿ. ಆಮೇಲೆ ಎ, ಟಿ, ಟಿ, ಆರ್, ಐ, ಬಿ; ಸ್ಪೇಸ್; ಮೈನಸ್ ಎಚ್; ಸ್ಪೇಸ್; ಮೈನಸ್ ಎಸ್; ಸ್ಪೇಸ್; ಸ್ಲ್ಯಾಶ್ ಎಸ್; ಸ್ಪೇಸ್; ಸ್ಲ್ಯಾಶ್ ಡಿ; ಸ್ಪೇಸ್; ನಕ್ಷತ್ರ, ಚುಕ್ಕೆ, ನಕ್ಷತ್ರ. ಎಂಟರ್ ಒತ್ತಿ ಸ್ವಲ್ಪ ಕಾಯಿರಿ. ಬಚ್ಚಿಟ್ಟ ಫೋಲ್ಡರುಗಳು ಕಾಣಿಸಿಕೊಳ್ಳುತ್ತವೆ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ತುರುಕಿರುತ್ತವೆ, ಅಂಥದ್ದು ಕಂಡರೆ ಅದರೊಳಗೂ ನೋಡಿ.

ಬಾಣದ ಗುರುತಿನವನ್ನು ಅಳಿಸುವ ಮುಂಚೆ ವ್ಯೂ ಮೆನುವಿನಲ್ಲಿ ಡೀಟೇಲ್ಸ್ ಆರಿಸಿ, ಟೈಪ್ ಅನ್ನುವ ಕಾಲಂ ನೋಡಿ. ಫೈಲಿನ ಕೊನೆಯ ಅಕ್ಷರಗಳನ್ನು ತೋರಿಸು ಅಂತ ಸೆಟ್ಟಿಂಗ್ ಹಾಕಿದ್ದರೂ ಶಾರ್ಟ್‌ಕಟ್‌ನ ಕೊನೆಯ ಅಕ್ಷರಗಳನ್ನು ವಿಂಡೋಸ್ ತೋರಿಸಲ್ಲ, ಈ ಕಾಲಂ ಮಾತ್ರ ಸರಿಯಾಗಿ ಹೇಳುತ್ತದೆ. ಶಾರ್ಟ್‌ಕಟ್ ಅಂತ ಇದ್ದದ್ದನ್ನು ಅಳಿಸಿ, ಫೈಲ್ ಫೋಲ್ಡರ್ ಅಂತ ಇದ್ದದ್ದನ್ನು ಬಿಡಿ. ಫೋಟೋಗಳನ್ನು ಮೊದಲು ಕಂಪ್ಯೂಟರಿಗೆ ಹಾಕಿಕೊಂಡು, ತೆರೆದು ನೋಡಿ, ಆಮೇಲೆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಹೌದು, ಇದನ್ನು ಮಾತ್ರ ಫಾರ್ಮ್ಯಾಟ್ ಮಾಡಲೇಬೇಕು. ಆ ಝೆರಾಕ್ಸ್ ಅಂಗಡಿಯವರಿಗೂ ಒಂದು ಮಾತು ಹೇಳಿ ಬನ್ನಿ, ನಿಮ್ಮ ಹಿಂದೆ ಕ್ಯೂನಲ್ಲಿ ನಿಂತಿದ್ದವರ ಪೆನ್‌ಡ್ರೈವೂ ಅದೇ ಕಂಪ್ಯೂಟರಿಗೆ ಹೋಗಿದೆ.